ಗಾಲೆಯಲ್ಲಿ ಒಳ್ಳೆಯ ಕೊಲ್ಲಿ ಇತ್ತು, ಆದರೂ ಬಂದರು ಕೊಲಂಬೊಗೆ ಹೋಗಿದ್ದು ಯಾಕೆ?

ಓದುಗರ ಪ್ರಶ್ನೆ: ಶ್ರೀಲಂಕಾದ ಗಾಲೆಯಲ್ಲಿ ಪ್ರಕೃತಿಯೇ ಮಾಡಿಕೊಟ್ಟ ಕೊಲ್ಲಿ ಇದೆ. ಕೊಲಂಬೊದಲ್ಲಿ ಅಂಥದ್ದೇನೂ ಇರಲಿಲ್ಲ ಅಂತಾರೆ. ಹಾಗಿದ್ದರೂ ಬ್ರಿಟಿಷರು ಕೊಲಂಬೊವನ್ನೇ ದೊಡ್ಡ ಬಂದರು ಮಾಡಿದ್ದು ಯಾಕೆ?

ಗಾಲೆಯಲ್ಲಿ ಟೆಸ್ಟ್ ಪಂದ್ಯ ನಡೆದಾಗಲೆಲ್ಲ ಈ ಪ್ರಶ್ನೆಯನ್ನು ಯಾರಾದರೊಬ್ಬರು ಕೇಳುತ್ತಾರೆ. ಟೀವಿಯಲ್ಲಿ ಮೈದಾನದ ಹಿಂದೆ ಹಳೆಯ ಕೋಟೆ ಕಾಣುತ್ತದೆ, ಅದರಾಚೆ ಸಮುದ್ರ. ಇಷ್ಟು ಚೆಂದದ ಜಾಗದಲ್ಲಿ ದೊಡ್ಡ ಹಡಗುಗಳು ಯಾಕೆ ಕಾಣುವುದಿಲ್ಲ ಅಂತ ಅನಿಸುವುದು ಸಹಜ ಅಲ್ವಾ?

ಉತ್ತರ ಬೇಕಾದರೆ ಕಡಲ ತೀರ ಬಿಟ್ಟು ಬೆಟ್ಟ ಹತ್ತಬೇಕು. ಕ್ಯಾಂಡಿ ಸುತ್ತಿನ ತೋಟಗಳಿಂದ ಕಾಫಿ ಮೂಟೆಗಳು ಯಾವ ದಾರಿಯಲ್ಲಿ ಇಳಿದು ಬಂದವೋ, ಆ ದಾರಿ ಮುಗಿಯುವ ಕಡೆ ಬಂದರು ಬೆಳೆಯಿತು. ಅಲ್ಲಿ ಕೊಲ್ಲಿ ಇರಲಿಲ್ಲ. ಇಲ್ಲದ ಕೊಲ್ಲಿಯನ್ನು ಕಲ್ಲು, ಕಾಂಕ್ರೀಟ್ ಹಾಕಿ ಕಟ್ಟಿದರು.

ಮೊದಲು ಆಗಿನ ಕೊಲಂಬೊ ಹೇಗಿತ್ತು ನೋಡೋಣ. 1870ರ ದಶಕದವರೆಗೂ ಯುರೋಪಿನಿಂದ ಬರುವ ಟಪಾಲು ಹಡಗುಗಳು ನಿಲ್ಲುತ್ತಿದ್ದುದು ಗಾಲೆಯಲ್ಲೇ. ಕೊಲಂಬೊ ತೀರಕ್ಕೆ ಮರೆಯೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಬೇಕು. ಸರಕನ್ನೆಲ್ಲ ಸಣ್ಣ ದೋಣಿಗಳಲ್ಲಿ ಹಡಗಿನ ಹತ್ತಿರ ಒಯ್ಯಬೇಕು. ಮುಂಗಾರು ಶುರುವಾಯಿತು ಅಂದರೆ ನೈಋತ್ಯದಿಂದ ಬರುವ ಗಾಳಿ, ತೆರೆ ನೇರ ಬಂದು ಬಡಿಯುತ್ತಿತ್ತು. ಮಂಗಳೂರಿನ ಹಳೆ ಬಂದರು ಗೊತ್ತಿರುವವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಅಲ್ಲೂ ಕೆಲಸ ನಿಲ್ಲುತ್ತಿತ್ತು.

ಹಾಗಾದರೆ ಕಾಫಿಯನ್ನು ಗಾಲೆಗೇ ಒಯ್ಯಬಹುದಿತ್ತಲ್ಲ? ಒಯ್ಯಲು ದಾರಿ ಬೇಕಿತ್ತು. ದಾರಿ ಇದ್ದುದು ಕೊಲಂಬೊಗೆ.

ಆ ದಾರಿಯನ್ನು ಮೊದಲು ಮಾಡಿದ್ದು ಕಾಫಿಗಾಗಿ ಅಲ್ಲ, ಸೈನ್ಯಕ್ಕಾಗಿ. ಬ್ರಿಟಿಷರು ಡಚ್ಚರಿಂದ ಕೊಲಂಬೊವನ್ನು ಕಸಿದುಕೊಂಡದ್ದು 1796ರಲ್ಲಿ. ಬೆಟ್ಟದ ನಡುವಿನ ಕ್ಯಾಂಡಿ ರಾಜ್ಯ ಅವರ ಕೈಗೆ ಬಂದದ್ದು 1815ರಲ್ಲಿ. ರಾಜ್ಯವೇನೋ ಸಿಕ್ಕಿತು, ದಂಗೆ ಎದ್ದರೆ ಅಲ್ಲಿಗೆ ಬೇಗ ತಲುಪುವುದು ಹೇಗೆ? ಗವರ್ನರ್ ಎಡ್ವರ್ಡ್ ಬಾರ್ನ್ಸ್ 1820ರ ದಶಕದಲ್ಲಿ ಕೊಲಂಬೊದಿಂದ ಕ್ಯಾಂಡಿಗೆ ಗಾಡಿ ರಸ್ತೆ ಮಾಡಿಸಿದ. ಕಡುಗಣ್ಣಾವ ಘಾಟಿಯಲ್ಲಿ ಬಂಡೆಯನ್ನೇ ಕೊರೆದು ರಸ್ತೆ ದಾಟಿಸಿದರು. ಆ ರಸ್ತೆ ಕೊಲಂಬೊದಿಂದ ಹೊರಟದ್ದಕ್ಕೆ ಕಾರಣ ಸರಳ. ಗವರ್ನರ್, ಕಚೇರಿಗಳು, ದಂಡು ಎಲ್ಲ ಇದ್ದುದು ಅಲ್ಲೇ.

ಇದೇ ಬಾರ್ನ್ಸ್ ಕ್ಯಾಂಡಿ ಹತ್ತಿರದ ಗನ್ನೋರುವದಲ್ಲಿ ತಾನೂ ಕಾಫಿ ಬೆಳೆಸಿದ. ರಸ್ತೆ ಆದ ಮೇಲೆ ಅದರ ಅಕ್ಕಪಕ್ಕ ಕಾಡು ಕಡಿದು ತೋಟ ಮಾಡುವ ದೊರೆಗಳು ಬಂದರು. 1840ರ ಹೊತ್ತಿಗೆ ಕಾಫಿಗೆ ಎಲ್ಲರೂ ಮುಗಿಬಿದ್ದಿದ್ದರು. ಎತ್ತಿನ ಗಾಡಿಗಳು ಸಾಲುಸಾಲಾಗಿ ಘಾಟಿ ಇಳಿಯುತ್ತಿದ್ದವು. ತೋಟದಲ್ಲಿ ಹಣ್ಣಿನ ಸಿಪ್ಪೆ ತೆಗೆದು, ಒಣಗಿಸಿ, ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಒಳಗಿನ ಹೊಟ್ಟು ಇನ್ನೂ ಅಂಟಿಕೊಂಡಿರುವ ಹರಳನ್ನು, ಕೆಳಗೆ ಕಳಿಸುತ್ತಿದ್ದರು. ಉಳಿದ ಹೊಟ್ಟು ತೆಗೆಯುವುದು, ಹರಳು ಆರಿಸುವುದು, ಚೀಲ ತುಂಬುವುದು ಕೊಲಂಬೊದ ಗುದಾಮುಗಳಲ್ಲಿ. ಆರಿಸುವ ಕೆಲಸಕ್ಕೆ ಹೆಂಗಸರೇ ಜಾಸ್ತಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಇಳಿದು ಬರುತ್ತಿದ್ದುದೂ ಇದೇ ರೀತಿ. ಹೀಗೆ ಗುದಾಮು, ಬ್ಯಾಂಕು, ಏಜೆಂಟರ ಕಚೇರಿ ಎಲ್ಲ ಕೊಲಂಬೊದಲ್ಲಿ ಬೇರು ಬಿಟ್ಟವು. ಒಳ್ಳೆಯ ಕೊಲ್ಲಿ ಇದೆ ಅಂತ ಇಷ್ಟನ್ನೂ ಕಿತ್ತು ಗಾಲೆಗೆ ಸಾಗಿಸಲು ಯಾರೂ ಸಿದ್ಧರಿರಲಿಲ್ಲ.

ಆಮೇಲೆ ರೈಲು ಬಂತು. ಕೊಲಂಬೊದಿಂದ ಅಂಬೇಪುಸ್ಸದವರೆಗಿನ ಮೊದಲ ಮಾರ್ಗ 1865ರಲ್ಲಿ ತೆರೆಯಿತು. 1867ರಲ್ಲಿ ರೈಲು ಘಾಟಿ ಹತ್ತಿ ಕ್ಯಾಂಡಿ ಮುಟ್ಟಿತು. ಗಾಲೆಗೆ ರೈಲು ಹೋದದ್ದು ಯಾವಾಗ ಗೊತ್ತಾ? 1894ರಲ್ಲಿ! ಕೊಲಂಬೊದಿಂದ ಗಾಲೆಗೂ ಕ್ಯಾಂಡಿಗೂ ದೂರ ಹೆಚ್ಚುಕಡಿಮೆ ಒಂದೇ. ಗಾಲೆಯ ದಾರಿ ತೀರದುದ್ದಕ್ಕೂ ಸಮತಟ್ಟು, ಕ್ಯಾಂಡಿಯದು ಕಡಿದಾದ ಬೆಟ್ಟ. ಆದರೂ 27 ವರ್ಷ ಮೊದಲೇ ಬೆಟ್ಟಕ್ಕೆ ಹಳಿ ಹಾಕಿದರು. ನಿಮ್ಮ ಪ್ರಶ್ನೆಗೆ ನನ್ನನ್ನು ಒಂದೇ ಸಾಕ್ಷಿ ಕೇಳಿದರೆ ಈ ಎರಡು ಇಸವಿಗಳನ್ನು ತೋರಿಸುತ್ತೇನೆ.

ಗಾಲೆಯಲ್ಲೂ ದೋಷ ಇರಲಿಲ್ಲ ಅಂತಲ್ಲ. ಕೊಲ್ಲಿಯ ಬಾಯಲ್ಲೇ ನೀರಿನಡಿ ಬಂಡೆಗಳಿವೆ. ಹಾಯಿ ಹಡಗುಗಳ ಕಾಲಕ್ಕೆ ಹೇಗೋ ನಡೆಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ದೊಡ್ಡ ಉಗಿಹಡಗುಗಳು ಜಾಸ್ತಿಯಾದವು. 1871ರಲ್ಲಿ ರಂಗೂನ್ ಎಂಬ ಟಪಾಲು ಹಡಗು ಗಾಲೆಯ ಹೊರಗೆ ಬಂಡೆಗೆ ತಾಗಿ ಮುಳುಗಿತು. ಗಾಲೆಯನ್ನು ಸರಿಪಡಿಸುವುದೋ, ಕೊಲಂಬೊದಲ್ಲಿ ಹೊಸದಾಗಿ ಕಟ್ಟುವುದೋ ಎಂಬ ಚರ್ಚೆ ಆಗ ಜೋರಾಗಿತ್ತು. ಗವರ್ನರ್ ವಿಲಿಯಂ ಗ್ರೆಗರಿ ಕೊಲಂಬೊ ಪರ ನಿಂತ. ಕಾಫಿಯಿಂದ ಖಜಾನೆಗೂ ಒಳ್ಳೆಯ ಹಣ ಬರುತ್ತಿದ್ದ ಕಾಲ ಅದು.

ನೀಲನಕ್ಷೆ ಕೊಟ್ಟದ್ದು ಜಾನ್ ಕೂಡ್, ಆ ಕಾಲದ ಹೆಸರಾಂತ ಬಂದರು ಎಂಜಿನಿಯರ್. 1875ರ ಡಿಸೆಂಬರ್ 8ರಂದು ಬ್ರಿಟನ್ನಿನ ಯುವರಾಜ, ಮುಂದೆ ಏಳನೇ ಎಡ್ವರ್ಡ್ ಆದವನು, ಬ್ರೇಕ್‌ವಾಟರ್‌ನ ಅಡಿಗಲ್ಲು ಹಾಕಿದ. ಬ್ರೇಕ್‌ವಾಟರ್ ಅಂದರೆ ತೀರದಿಂದ ಸಮುದ್ರದೊಳಕ್ಕೆ ಚಾಚಿದ ಅಲೆ ತಡೆಗೋಡೆ. ಮಲ್ಪೆ, ಪಣಂಬೂರು ಕಡೆಯವರಿಗೆ ಇದು ದಿನಾ ಕಾಣುವ ವಸ್ತು. ತಳಕ್ಕೆ ಕಲ್ಲು ಸುರಿದು ದಿಬ್ಬ ಮಾಡುವುದು, ಅದರ ಮೇಲೆ ಟನ್ನುಗಟ್ಟಲೆ ತೂಕದ ಕಾಂಕ್ರೀಟ್ ಬ್ಲಾಕುಗಳನ್ನು ಕ್ರೇನಿನಿಂದ ಇಳಿಸಿ ಜೋಡಿಸುವುದು. ಮುಂಗಾರಿನಲ್ಲಿ ಕಡಲ ಕೆಲಸ ಸಾಧ್ಯವಿಲ್ಲ, ಉಳಿದ ತಿಂಗಳುಗಳಲ್ಲೇ ಮುಂದೆ ಸಾಗಬೇಕು. ಕಲ್ಲು ಬರುತ್ತಿದ್ದುದು ರಾಗಮ ಹತ್ತಿರದ ಮಹರ ಕ್ವಾರಿಯಿಂದ. ಒಡೆಯುತ್ತಿದ್ದವರು ಕೈದಿಗಳು. ಅಡಿಗಲ್ಲು ಹಾಕಿದ ಯುವರಾಜನ ಹೆಸರು ಎಲ್ಲ ಕಡೆ ಸಿಗುತ್ತದೆ. ಬಿಸಿಲಲ್ಲಿ ಕಲ್ಲು ಒಡೆದ ಆ ಮನುಷ್ಯರ ಹೆಸರೂ ಅಲ್ಲಿ ಇರಬೇಕಿತ್ತು.

ಗೋಡೆ 1885ರಲ್ಲಿ ಮುಗಿಯಿತು. ಉದ್ದ 4,200 ಅಡಿಗೂ ಸ್ವಲ್ಪ ಜಾಸ್ತಿ, ಅಂದರೆ ಒಂದೂಕಾಲು ಕಿಲೋಮೀಟರ್‌ಗಿಂತ ಹೆಚ್ಚು. ಅದು ಮುಗಿಯುವ ಮೊದಲೇ, 1880ರ ದಶಕದ ಆರಂಭದಲ್ಲಿ, ಟಪಾಲು ಹಡಗುಗಳು ಗಾಲೆ ಬಿಟ್ಟು ಇಲ್ಲಿಗೆ ಬಂದವು. ಮುಂದೆ ಇನ್ನೆರಡು ಗೋಡೆಗಳು ಸೇರಿ 1912ರ ಹೊತ್ತಿಗೆ 600 ಎಕರೆಗೂ ಜಾಸ್ತಿ ನೀರು ಅಲೆಗಳಿಂದ ಮರೆಯಾಯಿತು.

ಆದರೆ ಅಷ್ಟರಲ್ಲಿ ಕಾಫಿಯ ಕತೆ ಮುಗಿದಿತ್ತು. 1869ರಲ್ಲಿ ಸಿಲೋನಿನ ಕಾಫಿ ಗಿಡಗಳಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಆಮೇಲೆ ಎಲೆ ಉದುರುವುದು. ನಮ್ಮ ಬೆಳೆಗಾರರಿಗೂ ಚೆನ್ನಾಗಿ ಗೊತ್ತಿರುವ ರೋಗವೇ. 1885ರಲ್ಲಿ ಗೋಡೆ ಎದ್ದು ನಿಂತಾಗ ತೋಟಗಳಲ್ಲಿ ಕಾಫಿ ಗಿಡ ಕಿತ್ತು ಚಹಾ ನೆಡುತ್ತಿದ್ದರು. ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲಿ ಲೂಲ್‌ಕಂದುರ ಎಸ್ಟೇಟಿನ 19 ಎಕರೆಯಲ್ಲಿ ಚಹಾ ಹಾಕಿದ್ದ. ಮೊದಲು, 1873ರಲ್ಲಿ, ಲಂಡನ್ನಿಗೆ ಹೋದದ್ದು ಬರೀ 23 ಪೌಂಡ್ ಚಹಾ. ಹತ್ತು ವರ್ಷದಲ್ಲಿ, 1883ರಲ್ಲಿ, ಕೊಲಂಬೊದಲ್ಲೇ ಚಹಾ ಹರಾಜು ಶುರುವಾಯಿತು. ಬೆಳೆ ಬದಲಾಯಿತು. ಬೆಟ್ಟ, ರೈಲು, ಬಂದರು ಅವೇ ಉಳಿದವು. ಕಾಫಿಗೆಂದು ಕಟ್ಟಿದ ಮನೆಯಲ್ಲಿ ಚಹಾ ಬಂದು ಸಂಸಾರ ಹೂಡಿತು.

ಊರೂ ಇದರ ಜೊತೆ ಬದಲಾಯಿತು. ಫೋರ್ಟ್ ಎಂಬ ಭಾಗದ ಡಚ್ಚರ ಕೋಟೆ ಗೋಡೆಗಳನ್ನು 1870ರ ಆಸುಪಾಸಿನಲ್ಲಿ ಕೆಡವಿ ಕಚೇರಿ, ಗುದಾಮುಗಳಿಗೆ ಜಾಗ ಮಾಡಿದರು. ಬಂದರಿನ ಉತ್ತರಕ್ಕಿರುವ ಮುಟ್ವಾಲ್, ಕೊಟಹೇನ ಮೊದಲು ಸಿರಿವಂತರ ಬಡಾವಣೆಗಳು. ಹಡಗು, ಕಲ್ಲಿದ್ದಲು, ಹೊಗೆ ಜಾಸ್ತಿಯಾದಂತೆ ಅವರು ದಕ್ಷಿಣಕ್ಕೆ, ಹಳೆಯ ದಾಲ್ಚಿನ್ನಿ ತೋಟಗಳಿದ್ದ ಸಿನಮನ್ ಗಾರ್ಡನ್ಸ್ ಕಡೆಗೆ ಹೋದರು. ಅವರು ಬಿಟ್ಟ ಜಾಗದಲ್ಲಿ ಬಂದರಿನ ಕೂಲಿಗಳು ಒತ್ತೊತ್ತಾಗಿ ಬದುಕಿದರು. ಇವತ್ತಿಗೂ ಊರಿನ ಉತ್ತರ, ದಕ್ಷಿಣದ ನಡುವೆ ಆ ಅಂತರ ಕಾಣುತ್ತದೆ.

ಇನ್ನೊಂದು ಮಾತು ಹೇಳದೆ ಇರಲಾರೆ. ತೋಟಗಳಲ್ಲಿ ದುಡಿದವರು ಹೆಚ್ಚಿನವರು ಮದ್ರಾಸ್ ಪ್ರಾಂತ್ಯದಿಂದ ಬಂದ ತಮಿಳರು. ಕಾಫಿಯ ಕಾಲದಲ್ಲಿ ಅವರಲ್ಲಿ ಬಹಳ ಜನ ದೋಣಿಯಲ್ಲಿ ಮನ್ನಾರ್ ತೀರಕ್ಕೆ ಇಳಿದು, ಅಲ್ಲಿಂದ ಒಣ ಕಾಡಿನ ದಾರಿಯಲ್ಲಿ ನಡೆದು ಬೆಟ್ಟ ಸೇರಿದರು. ದಾರಿಯಲ್ಲಿ ಕಾಲರಾ, ಹಸಿವಿಗೆ ಸತ್ತವರು ಎಷ್ಟೋ ಮಂದಿ. ಮೂಟೆಗೆ ರೈಲು ಇತ್ತು, ಮೂಟೆ ತುಂಬಿಸಿದವರಿಗೆ ಕಾಲುದಾರಿ. ಸ್ವಾತಂತ್ರ್ಯ ಬಂದ ವರ್ಷವೇ, 1948ರ ಪೌರತ್ವ ಕಾಯ್ದೆಯಿಂದ, ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. ಕೊಲಂಬೊ ಬಂದರಿನ ವೈಭವ ಓದುವಾಗ ನನಗೆ ಮೊದಲು ನೆನಪಾಗುವುದು ಇವರೇ.

ಹಾಗಾದರೆ ಟ್ರಿಂಕೋಮಲಿ ಯಾಕಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಗಾಲೆಗಿಂತ ಎಷ್ಟೋ ದೊಡ್ಡ, ಆಳದ ಸ್ವಾಭಾವಿಕ ಬಂದರು. ಆದರೆ ಇರುವುದು ಪೂರ್ವ ತೀರದಲ್ಲಿ, ಬೆನ್ನಿಗೆ ಒಣ ಕಾಡು. ತೋಟಗಳಿಂದ ದೂರ. ಅದನ್ನು ನೌಕಾಪಡೆ ಇಟ್ಟುಕೊಂಡಿತು.

ಗಾಲೆಗೆ ನಷ್ಟವಾಯಿತು ನಿಜ. ಹಡಗು ನಂಬಿದ್ದ ವ್ಯಾಪಾರ ಹೋಯಿತು. ಆದರೆ ಊರು ಬೆಳೆಯದಿದ್ದ ಕಾರಣ ಅಲ್ಲಿನ ಕೋಟೆಯನ್ನು ಕೆಡವುವ ಅವಸರ ಯಾರಿಗೂ ಬರಲಿಲ್ಲ. 1988ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಟೀವಿಯಲ್ಲಿ ನೀವು ನೋಡುವುದು ಅದನ್ನೇ.

ಕೊಲಂಬೊ ಈಗ ಕಂಟೇನರ್ ಬಂದರು. ಒಂದು ಹಡಗಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ಕೆಲಸವೇ ಅಲ್ಲಿ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಭಾರತದ ಸರಕು. 2012ರಲ್ಲಿ ಹಳೆ ಬಂದರಿನ ಆಚೆ ಇನ್ನೂ ಆಳದ ನೀರಿನಲ್ಲಿ ಹೊಸ ಬ್ರೇಕ್‌ವಾಟರ್ ಮುಗಿಯಿತು. ಮುಂಗಾರಿನ ತೆರೆಗಳನ್ನು ಈಗ ಅದು ತಡೆಯುತ್ತದೆ. 1885ರ ಗೋಡೆ ಅದರ ಮರೆಯಲ್ಲಿ, ನಿಂತ ನೀರಿನ ನಡುವೆ, ಇನ್ನೂ ಇದೆ.