ಎರಡು ಇಂಚು ಮೂವತ್ತೈದು ಸೆಂಟ್ ಮಳೆ ಮತ್ತು ಐದನೇ ತರಗತಿಯ ಗಣಿತ

ಕೊಡಗಿನಲ್ಲಿ ಜೂನ್ ಬಂತೆಂದರೆ ದಾರಿಯಲ್ಲಿ ಸಿಕ್ಕವರು ಮೊದಲು ಕೇಳುವುದು ‘ನಿಮ್ಮಲ್ಲಿ ಎಷ್ಟು ಇಂಚು?’ ಎಂದು. ತೋಟದ ಮನೆಗಳ ಅಂಗಳದಲ್ಲಿ ಮಳೆಮಾಪಕ ಇದ್ದೇ ಇರುತ್ತದೆ. ಬೆಳಿಗ್ಗೆ ಅದರಲ್ಲಿ ನಿಂತ ನೀರನ್ನು ಗಾಜಿನ ಅಳತೆ ಜಾಡಿಗೆ ಸುರಿದು, ಗೆರೆ ನೋಡಿ, ಡೈರಿಗೆ ಬರೆದಿಡುತ್ತಾರೆ. ಲೆಕ್ಕವೆಲ್ಲ ಇಂಚು ಮತ್ತು ಸೆಂಟ್‌ನಲ್ಲಿ. ಒಂದು ಇಂಚಿಗೆ ನೂರು ಸೆಂಟ್.

ನನ್ನ ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ ವಾಸ. ಮಾಲೀಕರಿಗೆ ಕಣ್ಣು ಮಂಜಾದ ಮೇಲೆ ಜಾಡಿಯ ಗೆರೆ ಓದಿ ಹೇಳುವ ಕೆಲಸ ಅವನದೇ ಆಗಿತ್ತು. ದಶಮಾಂಶ ಪಾಠ ಮಾಡುವಾಗ 2.35 ಮತ್ತು 2.4 ಬರೆದು ಯಾವುದು ದೊಡ್ಡದು ಎಂದು ಕೇಳಿದೆ. ‘2.35 ಸಾರ್’ ಅಂದ. ನಾಲ್ಕಕ್ಕಿಂತ ಮೂವತ್ತೈದು ದೊಡ್ಡದಲ್ಲವೇ ಎಂಬುದು ಅವನ ಲೆಕ್ಕ. ‘ನಿನ್ನೆ ಎರಡು ಇಂಚು ಮೂವತ್ತೈದು ಸೆಂಟ್, ಇವತ್ತು ಎರಡು ಇಂಚು ನಲವತ್ತು ಸೆಂಟ್, ಯಾವತ್ತು ಮಳೆ ಜಾಸ್ತಿ?’ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟ. ಇದೂ ಒಂದು ಪ್ರಶ್ನೆಯೇ ಎನ್ನುವ ನಗು ಅದು.

ದಶಮಾಂಶ ಅವನಿಗೆ ದಿನವೂ ಗೊತ್ತಿತ್ತು. ಶಾಲೆಯ ದಶಮಾಂಶ ಮಾತ್ರ ಬೇರೆ ಏನೋ ಆಗಿತ್ತು. ಈ ಎರಡನ್ನೂ ಒಂದು ಮಾಡಬೇಕೆಂಬ ಮಾತು ನಮ್ಮಲ್ಲಿ ಹೊಸದಲ್ಲ. ಬಹಳ ಸಲ ಬಂದಿದೆ, ಬಹಳ ಸಲ ಅರ್ಧ ದಾರಿಯಲ್ಲಿ ನಿಂತಿದೆ.

1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1850ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಇಲ್ಲಿಗೆ ಬಂದರು. ಅವರ ನಂತರದ ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥರಾಗಿದ್ದರು. ಈ ನಾಡಿನ ಗದ್ದೆ, ಕಾಡು, ಹಬ್ಬ, ಪದ್ಧತಿಗಳನ್ನು ವಿವರಿಸಿ 1870ರಲ್ಲಿ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ಬರೆದವರೂ ಅವರೇ. ಆದರೆ ನನ್ನ ಅಜ್ಜ ತಮ್ಮ ಶಾಲೆಯ ದಿನಗಳ ಬಗ್ಗೆ ಹೇಳುತ್ತಿದ್ದುದು ಇಂಗ್ಲೆಂಡಿನ ರಾಜರ ಪಟ್ಟಿ ಬಾಯಿಪಾಠ ಮಾಡಿದ್ದನ್ನು, ತಪ್ಪಿದಾಗ ಬಿದ್ದ ಬೆತ್ತದೇಟನ್ನು. ಭಾಷೆಯ ಗೋಡೆ ಅದರ ಮೇಲೆ. ಬ್ರಿಟಿಷರಿಗೆ ಮೊದಲು ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಿಂದಲೂ ಆಡಳಿತದ ಭಾಷೆ ಕನ್ನಡ, ಶಾಲೆಯದೂ ಅದೇ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ, ಕುರುಬರ ನುಡಿ. ಕೊಡಗಿನ ಎಷ್ಟೋ ಮಕ್ಕಳಿಗೆ ಕನ್ನಡವೇ ಮೊದಲ ಪಾಠ. ಇದನ್ನು ಗಮನಕ್ಕೆ ತಂದುಕೊಳ್ಳದೆ ‘ಮಗು ಮಾತೇ ಆಡುವುದಿಲ್ಲ’ ಎಂದು ಷರಾ ಬರೆಯುವವರು ಇಂದಿಗೂ ಇದ್ದಾರೆ. ನಾನೂ ಶುರುವಿನಲ್ಲಿ ಹಾಗೆ ಬರೆದವನೇ.

1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ‘ನಯೀ ತಾಲೀಮ್’ ಕೈಕೆಲಸದ ಮೂಲಕವೇ ಎಲ್ಲ ಕಲಿಕೆ ಆಗಬೇಕೆಂದಿತು. 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂದಿತು. ಅಷ್ಟರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದು ಮುಗಿದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿಹೋಗಿತ್ತು. ಪಠ್ಯಪುಸ್ತಕ ಬೆಂಗಳೂರಿನಿಂದ ಬರತೊಡಗಿತು. ನಾನು ಓದಿದ ಶಾಲೆಯಲ್ಲಿ ಕಾರ್ಯಾನುಭವದ ಪಿರಿಯಡ್ ಎಂದರೆ ಮೈದಾನದ ಕಳೆ ಕೀಳುವುದು. ಯಾವ ಕಳೆಯ ಹೆಸರೇನು, ಯಾವುದು ಗಾಯಕ್ಕೆ ಹಚ್ಚುವ ಸೊಪ್ಪು, ಯಾವುದನ್ನು ದನ ಮುಟ್ಟುವುದಿಲ್ಲ ಎಂದು ಯಾರೂ ಕೇಳಲಿಲ್ಲ. ನಮ್ಮ ಜೊತೆ ಓದುತ್ತಿದ್ದ, ಕಾಡಿನಂಚಿನ ಆದಿವಾಸಿ ಹಾಡಿಯ ಮಕ್ಕಳಿಗೆ ಅದೆಲ್ಲ ಗೊತ್ತಿತ್ತು. ಆ ಪಿರಿಯಡ್‌ನಲ್ಲಿ ಅವರೇ ಮೇಷ್ಟ್ರಾಗಬಹುದಿತ್ತು.

ದೊಡ್ಡ ಬದಲಾವಣೆ ಬಂದದ್ದು 1990ರ ದಶಕದಲ್ಲಿ. 1993ರಲ್ಲಿ ಯಶಪಾಲ್ ಸಮಿತಿ ‘ಹೊರೆಯಿಲ್ಲದ ಕಲಿಕೆ’ಯ ವರದಿ ಕೊಟ್ಟಿತು. ಮಕ್ಕಳ ಕಷ್ಟ ಚೀಲದ ಭಾರದಲ್ಲಷ್ಟೇ ಇಲ್ಲ, ಅರ್ಥವಾಗದ್ದನ್ನು ಹೊರುವುದರಲ್ಲಿದೆ ಎಂದಿತು. 1995ರಲ್ಲಿ ನಾಗರಹೊಳೆ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಶುರುವಾಯಿತು. ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಪದ್ಧತಿ ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರು ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು. ಪುಸ್ತಕದ ಬದಲು ಚಿತ್ರದ ಕಾರ್ಡು, ಗೋಡೆಯಲ್ಲಿ ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ. ಬೆಂಚು ಹೋಗಿ ನೆಲದ ಮೇಲೆ ‘ತಟ್ಟೆ’ಗಳೆಂಬ ಗುಂಪು ಬಂತು. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಏಣಿ. ಮಗು ಶಾಲೆ ಬಿಟ್ಟು ಒಂದು ತಿಂಗಳು ಹೋದರೂ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಇದರ ಬೆಲೆ ಕೊಡಗಿನವರಿಗೆ ಗೊತ್ತು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಲೈನ್ ಮನೆಯ ಅಪ್ಪ ಅಮ್ಮ ಬೆಳಗಾಗುವಾಗಲೇ ತೋಟಕ್ಕೆ ಹೋದರೆ, ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ನಿಲ್ಲುತ್ತಾಳೆ. ಕೆಲವು ಕುಟುಂಬ ಈ ತೋಟದಿಂದ ಆ ತೋಟಕ್ಕೆ ಹೋಗಿಬಿಡುತ್ತದೆ. ಹಳೆಯ ಪದ್ಧತಿಯಲ್ಲಿ ಇಂಥ ಮಗು ಮರಳಿ ಬಂದಾಗ ಪಾಠ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿತ್ತು. ಮಗು ಹಿಂದಿನ ಬೆಂಚಿಗೆ, ಆಮೇಲೆ ಬಾಗಿಲಾಚೆಗೆ.

2009–10ರಿಂದ ನಲಿ-ಕಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೊದಲು ಒಂದು ಮತ್ತು ಎರಡನೇ ತರಗತಿ, ಬಳಿಕ ಮೂರು. ಬಂದದ್ದು ಒಳ್ಳೆಯದೇ. ಆದರೆ ಕಾರ್ಡು ಬರೆಯುವ ಕೈ ಶಿಕ್ಷಕರದಾಗಿ ಉಳಿಯಲಿಲ್ಲ. ಹೆಗ್ಗಡದೇವನಕೋಟೆಯ ಶಿಕ್ಷಕರು ತಮ್ಮ ಮಕ್ಕಳನ್ನು ನೋಡಿ ಬರೆದದ್ದು ಈಗ ಇಡೀ ರಾಜ್ಯಕ್ಕೆ ಒಂದೇ ಅಚ್ಚಿನಲ್ಲಿ ಬಂತು. ನಮ್ಮ ಮಗು ದಿನಾ ನೋಡುವ ಕಾಫಿ ಗಿಡ, ಏಲಕ್ಕಿ, ಕಾಳುಮೆಣಸಿನ ಬಳ್ಳಿ, ಲೈನ್ ಮನೆ ಆ ಕಾರ್ಡುಗಳಲ್ಲಿ ಬೇಕೆಂದರೆ ನಾವೇ ಹಾಳೆಯಲ್ಲಿ ಬಿಡಿಸಿ ಅಂಟಿಸಬೇಕಿತ್ತು. ಅಂಟಿಸಿದವರು ಇದ್ದಾರೆ. ಅವರ ತರಗತಿಗೆ ಹೋಗಿ ಕೂತರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಏಣಿ ಮುಗಿದಿರುತ್ತದೆ. ಮತ್ತೆ ಪುಸ್ತಕ, ಪ್ರಶ್ನೋತ್ತರ, ನೋಟ್ಸ್. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಹೊರಗಿನ ಬದುಕಿನ ಜೊತೆ ಜ್ಞಾನವನ್ನು ಜೋಡಿಸುವುದನ್ನೇ ಮೊದಲ ಸೂತ್ರವಾಗಿ ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹಿಂದೆಯೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವೂ ಬಂತು. ಚಟುವಟಿಕೆಗೂ ಅಂಕ ಸಿಗತೊಡಗಿತು. ಆದರೆ ಅಂಕ ಬಂದೊಡನೆ ಚಟುವಟಿಕೆ ಚಾರ್ಟಾಯಿತು. ಸ್ಟೇಷನರಿ ಅಂಗಡಿಯ ಚಿತ್ರ ಕತ್ತರಿಸಿ ಅಂಟಿಸುವುದು, ನಾವು ರಾತ್ರಿಯವರೆಗೆ ಕೂತು ದಾಖಲೆ ತುಂಬುವುದು. ಹೊಳೆಗೆ ಹೋಗಿ ನೀರಿನ ಬಣ್ಣ ನೋಡಿ ಬನ್ನಿ ಎಂದು ಮಕ್ಕಳಿಗೆ ಹೇಳಲು ಸಮಯವೇ ಉಳಿಯಲಿಲ್ಲ.

ಇದು ಎಷ್ಟು ನೋಯಿಸುತ್ತದೆ ಎಂದು ನನಗೆ ತಿಳಿದದ್ದು 2018ರ ಆಗಸ್ಟ್ ನಂತರ. ಮಡಿಕೇರಿ ಸುತ್ತ ಗುಡ್ಡಗಳು ಜಾರಿ ಮನೆ, ಗದ್ದೆ, ರಸ್ತೆ ಕೊಚ್ಚಿಹೋದವು. ಪರಿಹಾರ ಕೇಂದ್ರದಲ್ಲಿ ವಾರಗಟ್ಟಲೆ ಇದ್ದ ಮಕ್ಕಳು ತರಗತಿಗೆ ಮರಳಿದರು. ಆ ವರ್ಷ ಒಂದು ಪರೀಕ್ಷೆಯಲ್ಲಿ ‘ಭೂಕುಸಿತ ಎಂದರೇನು?’ ಎಂದು ಎರಡು ಅಂಕದ ಪ್ರಶ್ನೆ ಇತ್ತು. ನಮ್ಮಲ್ಲಿ ಆ ಮಾತಿಲ್ಲ, ‘ಬರೆ ಜರಿಯುವುದು’ ಅನ್ನುತ್ತೇವೆ. ಒಂದು ಹುಡುಗಿ ಉತ್ತರದ ಜಾಗದಲ್ಲಿ ತನ್ನ ಮನೆ ಹಿಂದಿನ ಬರೆ ಹೇಗೆ ಬಿರುಕು ಬಿಟ್ಟಿತು, ಹಿಂದಿನ ದಿನ ಒರತೆಯ ನೀರು ಹೇಗೆ ಕೆಂಪಗಾಯಿತು ಎಂದು ಮುಕ್ಕಾಲು ಪುಟ ಬರೆದಿದ್ದಳು. ಮೌಲ್ಯಮಾಪನ ಮಾಡಿದವರು ಪುಸ್ತಕದ ವ್ಯಾಖ್ಯೆ ಇಲ್ಲವೆಂದು ಅರ್ಧ ಅಂಕ ಕೊಟ್ಟಿದ್ದರು. ಆ ಉತ್ತರ ಪತ್ರಿಕೆ ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಕೆಂಪು ನೀರು ಬರೆ ಜರಿಯುವ ಮುನ್ಸೂಚನೆ. ಇಡೀ ಶಾಲೆ ಕಲಿಯಬೇಕಾದ ಪಾಠ ಅದು.

ಈಗ ತೋಟಗಳಿಗೆ ಅಸ್ಸಾಂ, ಬಂಗಾಳದ ಕಡೆಯ ಕಾರ್ಮಿಕರು ಬರುತ್ತಿದ್ದಾರೆ. ಅವರ ಮಕ್ಕಳಿಗೆ ಕನ್ನಡ ಮತ್ತೆ ಮೊದಲ ಪಾಠ. ಅಜ್ಜನ ಕಾಲದ ಪ್ರಶ್ನೆ ಬೇರೆ ನುಡಿಯಲ್ಲಿ ಮರಳಿ ಬಂದಿದೆ. 2020ರ ಶಿಕ್ಷಣ ನೀತಿ ಮನೆಮಾತಿನಲ್ಲಿ ಕಲಿಸುವ ಮಾತಾಡುತ್ತದೆ. ಒಂದೇ ಕೋಣೆಯಲ್ಲಿ ಐದು ಮನೆಮಾತು ಇರುವ ಶಾಲೆಯಲ್ಲಿ ಅದರ ದಾರಿಯನ್ನು ಶಿಕ್ಷಕರೇ ಹುಡುಕಿಕೊಳ್ಳಬೇಕು.

ಕಳೆದ ಕೊಯ್ಲಿನಲ್ಲಿ ಶೇಕಡಾವಾರು ಪಾಠಕ್ಕೆ ನಾನು ಪುಸ್ತಕದ ಮಾವಿನ ಹಣ್ಣು ಬಿಟ್ಟು ಔಟ್‌ಟರ್ನ್ ತೆಗೆದುಕೊಂಡೆ. ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿಗೆ ಚೆರಿ ಎನ್ನುತ್ತೇವೆ. 50 ಕೆ.ಜಿ. ಚೆರಿ ಚೀಲವನ್ನು ಹಲ್ಲಿಂಗ್ ಮಾಡಿ ಸಿಪ್ಪೆ ತೆಗೆದಾಗ ಎಷ್ಟು ಕೆ.ಜಿ. ಬೇಳೆ ಬರುತ್ತದೋ ಅದೇ ಔಟ್‌ಟರ್ನ್. ಅದರ ಮೇಲೆಯೇ ವ್ಯಾಪಾರಿ ದರ ಕಟ್ಟುತ್ತಾನೆ. ಬೋರ್ಡಿನ ಮೇಲೆ 28 ಬರೆದು, ಶೇಕಡಾ ಎಷ್ಟು ಎಂದು ಕೇಳಿದೆ. 56 ಎಂದು ಎರಡು ಮೂರು ಕಡೆಯಿಂದ ಬಂತು. ಅಸ್ಸಾಮಿನಿಂದ ಬಂದು ವರ್ಷವಷ್ಟೇ ಆಗಿದ್ದ ಒಬ್ಬ ಹುಡುಗಿ, ಅದುವರೆಗೆ ನನ್ನ ಹತ್ತಿರ ಒಂದು ವಾಕ್ಯವನ್ನೂ ಪೂರ್ತಿ ಮಾತಾಡದವಳು, ಎದ್ದು ನಿಂತಳು. ಅವಳಪ್ಪನಿಗೆ ಕಣದಲ್ಲಿ ಚೆರಿ ಒಣಗಿಸುವ ಕೆಲಸ.

‘ಸಾರ್, 28 ಇಲ್ಲ. ಈ ಸಲ ಕಾಯಿ ಚಿಕ್ಕದು. 26.’

28 ಅಳಿಸಿ 26 ಬರೆದೆ. ಎಲ್ಲರೂ ಮತ್ತೆ ಸ್ಲೇಟು ತಗೊಂಡರು.