ರಕ್ತ ಎಷ್ಟು ಹೋಯಿತು ಅಂತ ಯಾರೂ ಕೇಳುವುದಿಲ್ಲ

ಹೆರಿಗೆ ಕೋಣೆಯಿಂದ ಹೊರಗೆ ಕಾಲಿಟ್ಟ ಕೂಡಲೇ ನನಗೆ ಎದುರಾಗುವ ಪ್ರಶ್ನೆಗಳು ನಾಲ್ಕೇ. ನಾರ್ಮಲ್ಲಾ, ಆಪರೇಷನ್ನಾ? ಯಾವ ಮಗು? ಎಷ್ಟು ಕೆಜಿ? ಸರಿಯಾಗಿ ಎಷ್ಟು ಗಂಟೆಗೆ ಹುಟ್ಟಿತು? ಕೊನೆಯದು ಜಾತಕಕ್ಕೆ. ಅದರಲ್ಲಿ ಎರಡು ನಿಮಿಷ ಆಚೀಚೆ ಹೇಳಿದರೂ ಅಜ್ಜ ಬಿಡುವುದಿಲ್ಲ. "ಡಾಕ್ಟ್ರೇ, ರಕ್ತ ಎಷ್ಟು ಹೋಯಿತು?" ಅಂತ ಕೇಳಿದವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟೇ.

ಮಗು ಅತ್ತ ಮೇಲೆ ಎಲ್ಲರ ಎದೆ ಹಗುರವಾಗುತ್ತದೆ. ಪೇಡ ಹಂಚುತ್ತಾರೆ, ಫೋನ್ ಹಿಡಿಯುತ್ತಾರೆ. ನಮಗೆ ಮಾತ್ರ ಭಯದ ಎರಡು ಗಂಟೆ ಆಗ ಶುರುವಾಗುತ್ತದೆ. ಕರ್ನಾಟಕದಲ್ಲಿ ಈಗ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆಸ್ಪತ್ರೆಗೆ ಬಂದದ್ದು ಸಾರ್ಥಕ ಆಗಬೇಕಾದದ್ದು ಈ ಎರಡು ಗಂಟೆಗಳಲ್ಲಿ.

ಒಳಗೆ ಏನಾಗುತ್ತದೆ ಹೇಳುತ್ತೇನೆ. ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ರಕ್ತ ಹರಿಯುತ್ತದೆ. ಮಾಸು ಬಿಟ್ಟುಕೊಂಡ ಜಾಗದಲ್ಲಿ ಆ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅಲ್ಲಿ ಹೊಲಿಗೆ ಹಾಕುವ ಹಾಗಿಲ್ಲ. ಗರ್ಭಕೋಶದ ಸ್ನಾಯುಗಳೇ ಬಿಗಿದುಕೊಂಡು ಅವುಗಳ ಕತ್ತು ಹಿಸುಕಬೇಕು. ಬಿಗಿದರೆ ಹೊಕ್ಕುಳ ಕೆಳಗೆ ಸಣ್ಣ ತೆಂಗಿನಕಾಯಿ ಇಟ್ಟ ಹಾಗೆ ಗಟ್ಟಿ ಸಿಗುತ್ತದೆ. ಬಿಗಿಯದಿದ್ದರೆ ನಾದಿದ ಹಿಟ್ಟಿನ ಹಾಗೆ ಮೆತ್ತಗೆ. ಮೆತ್ತಗಿದೆ ಎಂದರೆ ನಲ್ಲಿ ತೆರೆದಿದೆ ಎಂದೇ ಅರ್ಥ.

"ನಾರ್ಮಲ್ ಆದ ಮೇಲೂ ಸಿಸ್ಟರ್ ಹೊಟ್ಟೆ ಒತ್ತಿ ಒತ್ತಿ ನೋಯಿಸಿದರು" ಎಂದು ಎಷ್ಟೋ ಹೆಂಗಸರು ದೂರುತ್ತಾರೆ. ನೋವು ನಿಜ, ಹೇಳಿ ಒತ್ತಬಹುದಿತ್ತು ಅನ್ನುವುದೂ ನಿಜ. ಆದರೆ ಕಾಲು ಗಂಟೆಗೊಮ್ಮೆ ಆಕೆ ಹುಡುಕುತ್ತಿರುವುದು ಆ ತೆಂಗಿನಕಾಯಿಯನ್ನು. "ಮೂತ್ರ ಮಾಡಿ ಬನ್ನಿ" ಅಂತ ಬೆನ್ನು ಬೀಳುವುದೂ ಇದಕ್ಕೇ. ಮೂತ್ರಚೀಲ ತುಂಬಿದ್ದರೆ ಗರ್ಭಕೋಶ ಸರಿಯಾಗಿ ಬಿಗಿಯುವುದಿಲ್ಲ. ಗರ್ಭಕೋಶ ಬಿಗಿಯಲಿ ಅಂತ ಮಗು ಹುಟ್ಟಿದ ಒಂದು ನಿಮಿಷದೊಳಗೆ ತೊಡೆಗೆ ಕೊಡುವ ಇಂಜೆಕ್ಷನ್ 10 ಯೂನಿಟ್ ಆಕ್ಸಿಟೋಸಿನ್. ಹಾಲು ಇಳಿಯಲಿ ಅಂತ ಹಸುಗಳಿಗೆ ಕದ್ದು ಕೊಡುತ್ತಾರೆ ಎಂದು ಪೇಪರಿನಲ್ಲಿ ಓದಿರುತ್ತೀರಲ್ಲ, ಅದೇ. ಅದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಹೆರಿಗೆ ಕೋಣೆಯ ಫ್ರಿಜ್ ಕೆಟ್ಟರೆ ನಾನು ಕೂಗಾಡುವುದು ಸುಮ್ನೆ ಅಲ್ಲ.

ನಾರ್ಮಲ್ ಹೆರಿಗೆಯಲ್ಲಿ ಅರ್ಧ ಲೀಟರ್ ದಾಟಿದರೆ ಅಪಾಯದ ಗೆರೆ ದಾಟಿದ ಹಾಗೆ. ಆದರೆ ಅಳೆಯುವುದು ಹೇಗೆ? ರಕ್ತ ಬಟ್ಟೆಗೆ, ಹತ್ತಿಗೆ, ಬಕೆಟ್ಟಿಗೆ ಹಂಚಿಹೋಗುತ್ತದೆ. ಮಗುವಿನ ನೀರಿನ ಜೊತೆ ಬೆರೆಯುತ್ತದೆ. ನಾವು ಕಣ್ಣಳತೆಯಲ್ಲಿ "ಸುಮಾರು 300" ಅಂತ ಬರೆದು ಮುಗಿಸುತ್ತಿದ್ದೆವು.

ಇದನ್ನು ಸರಿ ಮಾಡಿದ ಕೆಲಸದಲ್ಲಿ ನಮ್ಮ ಬೆಳಗಾವಿಯ ಪಾಲು ದೊಡ್ಡದು. ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಒಂದು ಅಧ್ಯಯನ ಮಾಡಿದರು. ಫ್ರಿಜ್ ಬೇಡದ ಮಿಸೋಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ರಕ್ತಸ್ರಾವ ಕಡಿಮೆ ಆಗುತ್ತದಾ ಅಂತ ನೋಡುವುದಕ್ಕೆ. 2006ರಲ್ಲಿ ಫಲಿತಾಂಶ ಬಂತು: ಅರ್ಧ ಲೀಟರ್ ದಾಟಿದವರ ಪ್ರಮಾಣ 12%ರಿಂದ 6.4%ಕ್ಕೆ ಇಳಿದಿತ್ತು. ರಕ್ತ ಅಳೆಯಲು ಅವರು ಬಳಸಿದ್ದು ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ತುದಿಯಲ್ಲಿ ಚೀಲ, ಚೀಲದ ಮೇಲೆ ಅಳತೆಯ ಗೆರೆ, ಅಷ್ಟೇ. ಅದರ ಪಕ್ಕದಲ್ಲಿ ಕಣ್ಣಳತೆ ಇಟ್ಟು ನೋಡಿದರೆ ಮೂರನೇ ಒಂದು ಭಾಗ ರಕ್ತ ಲೆಕ್ಕಕ್ಕೇ ಸಿಕ್ಕಿರಲಿಲ್ಲ! 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಿಂದ ಇನ್ನೊಂದು ವರದಿ ಬಂತು. ಇಂಥದೇ ಹಾಳೆಯಲ್ಲಿ ಅಳೆದು, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದ ಕಡೆ ತೀವ್ರ ರಕ್ತಸ್ರಾವದ ಅನಾಹುತಗಳು 60% ಕಡಿಮೆ ಆಗಿದ್ದವು.

ನಾನು ಕಲಿತದ್ದು ಮಾತ್ರ ಒಬ್ಬ ಅಜ್ಜಿಯಿಂದ. ಕೆಲಸಕ್ಕೆ ಸೇರಿದ ಹೊಸತು, ಒಂದು ತಾಲ್ಲೂಕು ಆಸ್ಪತ್ರೆ. ರಾತ್ರಿ ಒಂದಕ್ಕೆ ಸಲೀಸಾಗಿ ಹೆರಿಗೆ ಆಯಿತು. ಬಟ್ಟೆ ಬದಲಿಸಿ ವಾರ್ಡಿಗೆ ಕಳಿಸಿದೆವು. ಮುಕ್ಕಾಲು ಗಂಟೆ ಕಳೆದ ಮೇಲೆ ಅಜ್ಜಿ ಬಂದು ಬಾಗಿಲು ತಟ್ಟಿದರು. "ಡಾಕ್ಟ್ರಮ್ಮಾ, ಹುಡುಗಿ ನೀರು ನೀರು ಅಂತಾಳೆ, ಆಕಳಿಸ್ತಾಳೆ. ಬಾಣಂತಿಗೆ ನೀರು ಕೊಡಬಾರದು ಅಂತ ನಾನು ಕೊಟ್ಟಿಲ್ಲ. ಆದ್ರೆ ಅವಳ ಮುಖ ಸರಿಯಿಲ್ಲ."

ಹೋಗಿ ನೋಡಿದೆ. ಬಿಪಿ 110/70, ಚೆನ್ನಾಗಿಯೇ ಇತ್ತು. ನಾಡಿ 130. ಹೊಟ್ಟೆಯ ಮೇಲೆ ಕೈ ಇಟ್ಟರೆ ಹಿಟ್ಟು. ಒತ್ತಿದಾಗ ಹೆಪ್ಪುಗಟ್ಟಿದ ರಕ್ತ ಬೋಗುಣಿಗಟ್ಟಲೆ ಬಂತು. ಗಟ್ಟಿಮುಟ್ಟಾದ ವಯಸ್ಸಿನ ಹೆಂಗಸರಲ್ಲಿ ಒಂದು ಲೀಟರ್ ರಕ್ತ ಹೋಗುವವರೆಗೂ ಬಿಪಿ ಮೋಸ ಮಾಡಬಹುದು. ನಾಡಿ ಮೊದಲು ಹೇಳುತ್ತದೆ. ಬಾಯಾರಿಕೆ, ಆಕಳಿಕೆ, ಚಡಪಡಿಕೆ, ತಣ್ಣಗಿನ ಬೆವರು, ಇವೂ ಹೇಳುತ್ತವೆ. ಆ ಹುಡುಗಿ ಉಳಿದಳು. ಎರಡು ಬಾಟಲಿ ರಕ್ತ ಬೇಕಾಯಿತು. ಬೆಳಿಗ್ಗೆ ಅಜ್ಜಿಯೇ ಲೋಟದಲ್ಲಿ ನೀರು ಕುಡಿಸುತ್ತಿದ್ದರು, ನನ್ನ ಮುಖ ನೋಡಿಕೊಂಡು.

ಅಂದಿನಿಂದ ಬಾಣಂತಿಯ ಮಂಚದ ಪಕ್ಕ ಮನೆಯವರೊಬ್ಬರು ಇರಲೇಬೇಕು ಅನ್ನುತ್ತೇನೆ. ಎಲ್ಲರೂ ಮಗುವಿನ ಸುತ್ತ ನಿಂತರೆ ಆಗಲ್ಲ. ಒಬ್ಬರ ಕಣ್ಣು ತಾಯಿಯ ಮುಖದ ಮೇಲಿರಲಿ. ಮಗುವನ್ನು ತಾಯಿಯ ಎದೆಯ ಮೇಲೇ ಬಿಟ್ಟರೆ ಇನ್ನೂ ಒಳ್ಳೆಯದು, ಅದು ಹಾಲು ಚೀಪಿದಷ್ಟೂ ಗರ್ಭಕೋಶ ಬಿಗಿಯುತ್ತದೆ. ಹೆರಿಗೆ ಕೋಣೆಯೊಳಗೂ ಒಬ್ಬ ಹೆಂಗಸನ್ನು ಜೊತೆಗೆ ಬಿಡಬೇಕೆಂದು ಸರ್ಕಾರದ 'ಲಕ್ಷ್ಯ' ಕಾರ್ಯಕ್ರಮವೇ 2017ರಿಂದ ಹೇಳುತ್ತಿದೆ. ಕೆಲವು ಕಡೆ ಇನ್ನೂ ಬಿಡುವುದಿಲ್ಲ. ಕೇಳಿ, ತಪ್ಪಿಲ್ಲ.

ಇನ್ನೊಂದು, ರಾಜ್ಯದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12 ಇರುವವಳು ತಡೆದುಕೊಳ್ಳುವ ರಕ್ತಸ್ರಾವವನ್ನು 7 ಇರುವವಳು ತಡೆಯಲಾರಳು. ತಾಯಿ ಕಾರ್ಡಿನಲ್ಲಿ ಆ ಅಂಕಿ ನೋಡಿ. ಕಬ್ಬಿಣದ ಮಾತ್ರೆಗಳು ಅಕ್ಕಿ ಡಬ್ಬದ ಹಿಂದೆ ಕೂತಿವೆಯಾ ಅಂತಲೂ ನೋಡಿ.

ಇನ್ನು ಮನೆಗೆ ಹೋಗುವ ಆತುರ. ನಾರ್ಮಲ್ ಆದರೂ 48 ಗಂಟೆ ಆಸ್ಪತ್ರೆಯಲ್ಲಿ ಇರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಔಷಧಿ, ಅಗತ್ಯ ಬಿದ್ದರೆ ರಕ್ತ, ಮೂರು ದಿನದ ಊಟ, ಮನೆಗೆ ಬಿಡುವ ಗಾಡಿ ಎಲ್ಲ ಉಚಿತ. ಆದರೂ ಭಾನುವಾರ ರಾತ್ರಿ ಹೆತ್ತವಳನ್ನು ಸೋಮವಾರ ಸಂಜೆಯೇ ಕಳಿಸಿ ಅಂತ ಮನೆಯವರು ಬಂದು ನಿಲ್ಲುತ್ತಾರೆ.

"ನಾಳೆ ಮಂಗಳವಾರ ಮೇಡಂ, ಬಾಣಂತಿಯನ್ನ ಹೊರಡಿಸೋ ಹಾಗಿಲ್ಲ."

"ಸರಿ, ಹಾಗಾದರೆ ಬುಧವಾರ ಹೋಗಿ" ಅನ್ನುತ್ತೇನೆ.