ವರ್ಣಭೇದದ ಪಾಠಕ್ಕೆ ಆರು ವರ್ಷ ತೀರಾ ಚಿಕ್ಕ ವಯಸ್ಸೇ?

"ಇಷ್ಟು ಸಣ್ಣ ಮಕ್ಕಳಿಗೆ ಇದೆಲ್ಲ ಯಾಕೆ? ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುವುದಿಲ್ಲವೇ?" ವರ್ಣಭೇದದ ಬಗ್ಗೆ ಶಾಲೆಯಲ್ಲಿ ಮಾತಾಡೋಣ ಎಂದಾಗಲೆಲ್ಲ ಪೋಷಕರು ಕೇಳುವ ಪ್ರಶ್ನೆ ಇದು. ಮಕ್ಕಳ ಆಪ್ತಸಮಾಲೋಚಕಿಯಾಗಿ ನಾನು ಹೇಳುವುದಿಷ್ಟೆ: ಒಂದನೇ ತರಗತಿಯಿಂದಲೇ ಕಲಿಸಬೇಕು. ಆ ತಲೆ ಅಷ್ಟರಲ್ಲಾಗಲೇ ಖಾಲಿ ಉಳಿದಿರುವುದಿಲ್ಲ.

1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನ್ನೆತ್ ಮತ್ತು ಮೇಮಿ ಕ್ಲಾರ್ಕ್, 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಮತ್ತೆಲ್ಲದರಲ್ಲೂ ಒಂದೇ ಥರ ಇದ್ದ ಗೊಂಬೆಗಳನ್ನಿಟ್ಟು, ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಒಳ್ಳೆಯದೆಂದು ತೋರಿಸಿದ್ದು ಬಿಳಿ ಗೊಂಬೆಯನ್ನು. "ನಿನ್ನ ಹಾಗಿರುವುದು ಯಾವುದು?" ಎಂದಾಗ ಕೆಲವರು ಅಳುತ್ತ ಕೋಣೆಯಿಂದಲೇ ಓಡಿಹೋದರು. ಶಾಲೆಗಳಲ್ಲಿ ಬಣ್ಣದ ಆಧಾರದ ಪ್ರತ್ಯೇಕತೆ ಸಂವಿಧಾನಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪು ಕೆನ್ನೆತ್ ಕ್ಲಾರ್ಕ್ ಅವರ ಸಂಶೋಧನೆಯನ್ನೂ ಉಲ್ಲೇಖಿಸಿತು. ಹೀಗೆ ಬೆಲೆ ಕಟ್ಟುವುದನ್ನು ಆ ಮಕ್ಕಳು ಕಲಿತದ್ದು ಯಾವ ಪಠ್ಯಪುಸ್ತಕದಿಂದಲೂ ಅಲ್ಲ.

"ಅವನು ಯಾಕೆ ಅಷ್ಟು ಕಪ್ಪು?" ಎಂದು ಮಗು ಜೋರಾಗಿ ಕೇಳಿದರೆ ನಾವು ಗಾಬರಿಯಾಗಿ ಬಾಯಿ ಮುಚ್ಚಿಸುತ್ತೇವೆ. ಕಪ್ಪಾಗಿರುವುದು ನಾಚಿಕೆಪಡುವ ಸಂಗತಿ ಎಂದು ಮಗು ಆಗಲೇ ತಿಳಿದುಕೊಳ್ಳುತ್ತದೆ. ಅದರ ಬದಲು, ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ಅಂಶವಿದೆ, ಅದು ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ, ಬಿಸಿಲಿನಿಂದ ಮೈಯನ್ನು ಕಾಯುತ್ತದೆ ಎಂದರೆ ಸಾಕು. ಮಗು ಆಟಕ್ಕೆ ಮರಳುತ್ತದೆ.

ಮುಂದಿನ ಹೆಜ್ಜೆ ಅನ್ಯಾಯದ ಬಗ್ಗೆ ಮಾತಾಡುವುದು. 1960ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ರೂಬಿ ಬ್ರಿಡ್ಜಸ್ ಎಂಬ ಕಪ್ಪು ಹುಡುಗಿ ಬಿಳಿಯರ ಶಾಲೆಗೆ ಸೇರಿದಾಗ ಅವಳಿಗೆ ಆರು ವರ್ಷ. ಕಿರುಚುವ ಗುಂಪನ್ನು ದಾಟಲು ಸರ್ಕಾರಿ ಮಾರ್ಷಲ್‌ಗಳ ಕಾವಲು ಬೇಕಾಯಿತು. ಬಿಳಿಯ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು, ಅವಳು ಒಬ್ಬ ಶಿಕ್ಷಕಿಯೊಂದಿಗೆ ಒಂಟಿಯಾಗಿ ಕಲಿತಳು. ಆರು ವರ್ಷದ ಮಗು ಅನುಭವಿಸಿದ್ದನ್ನು ಆರು ವರ್ಷದ ಮಗು ಕೇಳಬಲ್ಲದು. ಗುಲಾಮಗಿರಿಯ ಚಿತ್ರಹಿಂಸೆ, ಕೊಲೆಗಳ ಚಿತ್ರಗಳು ಮಾತ್ರ ಈ ವಯಸ್ಸಿಗೆ ಬೇಡವೇ ಬೇಡ.

ಇನ್ನೊಂದನ್ನೂ ನಾನು ಒಪ್ಪುವುದಿಲ್ಲ. 1968ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಶಿಕ್ಷಕಿ ಜೇನ್ ಎಲಿಯಟ್ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ವಿಂಗಡಿಸಿ, ಒಂದು ಗುಂಪನ್ನು ಕೀಳಾಗಿ ನಡೆಸಿಕೊಂಡು ತಾರತಮ್ಯದ ನೋವು ತಿಳಿಸಲು ಯತ್ನಿಸಿದರು. ಉದ್ದೇಶ ದೊಡ್ಡದು, ಆದರೆ ಮಕ್ಕಳನ್ನು ನೋಯಿಸಿ ಕಲಿಸುವ ಹಕ್ಕು ನಮಗಿಲ್ಲ.

ಹಾಗೆಯೇ, ತರಗತಿಯಲ್ಲಿ ಬೇರೆ ಬಣ್ಣದ ಒಬ್ಬನೇ ಹುಡುಗನಿದ್ದರೆ "ನಿನ್ನ ಅನುಭವ ಹೇಳು" ಎಂದು ಎಲ್ಲರ ಮುಂದೆ ನಿಲ್ಲಿಸಬೇಡಿ. ಯಾರಾದರೂ ಅವನನ್ನು ಹೀಯಾಳಿಸಿದರೆ ಮೊದಲು ಅವನ ಬಳಿ ಹೋಗಿ, ಹೀಯಾಳಿಸಿದವನ ವಿಚಾರಣೆ ಆಮೇಲೆ. "ತಮಾಷೆಗೆ ಅಂದಿದ್ದು ಬಿಡು" ಎಂದು ತೇಲಿಸದೆ, ಅದೇ ದಿನ ಇಬ್ಬರ ಮನೆಗೂ ವಿಷಯ ತಿಳಿಸಿ.